ಮಾವನ ಕಣ್ಣು ಕಲಿತ ವರ್ಷ

ಹೋದ ವಾರ ಗೆಳೆಯನೊಬ್ಬನ ಮದುವೆಯಲ್ಲಿ ಊಟದ ಪಂಕ್ತಿಗೆ ಕೂತಿದ್ದೆ. ಪಾಯಸಕ್ಕೆ ಕೈ ಹಾಕುವ ಹೊತ್ತಿಗೆ ಪಕ್ಕದ ಎಲೆಯ ಹಿರಿಯರು ಮೂಗು ಮೇಲೆತ್ತಿ ಎರಡು ಸಲ ಗಾಳಿ ಎಳೆದುಕೊಂಡರು. ಮೊದಲು ಸಾರನ್ನು ಅನುಮಾನಿಸಿದರು, ಆಮೇಲೆ ಬಡಿಸುವವನನ್ನು. ಕೊನೆಗೆ ಆ ಮೂಗು ಬಂದು ನಿಂತದ್ದು ನನ್ನ ಬಲಗೈಯ ಮೇಲೆ.

"ಏನ್ ತಮ್ಮಾ, ಆಸ್ಪತ್ರೇಲಿ ಕೆಲಸಾನಾ?"

"ಅಲ್ರೀ, ಫೋಟೋ ತೆಗೀತೀನಿ. ಇದು ಹೈಪೋ ವಾಸನೆ, ಫೋಟೋ ತೊಳೆಯೋ ನೀರಿಂದು. ಸೋಪು ಹಚ್ಚಿ ಉಜ್ಜಿದ್ರೂ ಹೋಗಲ್ಲ."

"ಹಂಗಾದ್ರೆ ಮದುಮಗಳ ಫೋಟೋನೂ ಹಿಂಗೇ ನಾರ್ತತೇನು?" ಎಂದು ಅವರು ತಮ್ಮ ಎಲೆಯನ್ನು ಒಂದು ಗೇಣು ಆಚೆಗೆ ಎಳೆದುಕೊಂಡರು.

ಅವರು ಮೂಗೆತ್ತಿದ ಪರಿಯನ್ನು ನಾನು ಕೂಡಲೇ ಎದುರಿನ ಸಾಲಿಗೆ ಮಾಡಿ ತೋರಿಸಿದೆ. ಎದುರಿಗಿದ್ದವನಿಗೆ ಪಾಯಸ ನೆತ್ತಿಗೇರಿತು. ಇದು ನನ್ನ ಹುಟ್ಟುರೋಗ. ಯಾರನ್ನು ಕಂಡರೂ ಅವರ ನಡಿಗೆ, ದನಿ, ಕೆಮ್ಮು ನನ್ನ ಮೈಯೊಳಗೆ ಬಂದು ಕೂರುತ್ತವೆ. ಹೊರಗೆ ಹಾಕದಿದ್ದರೆ ತುರಿಕೆ ಶುರುವಾಗುತ್ತದೆ. ಆದರೆ ಆ ದಿನ ಬೆರಳು ಮೂಸಿಕೊಂಡಾಗ ನಗು ಬರಲಿಲ್ಲ. ಆ ವಾಸನೆ ನನ್ನ ಕೈಗೆ ಹತ್ತಿದ ಮೊದಲ ವರ್ಷ ನೆನಪಾಯಿತು. ಈಗಲೂ ಅದನ್ನು ನೆನೆದರೆ ಕೂತಲ್ಲಿ ಕೂರಲಾಗುವುದಿಲ್ಲ.

ಅದು ಐವತ್ತೆಂಟನೇ ಇಸವಿ. ನನಗೆ ಇಪ್ಪತ್ತು. ಇಂಟರ್‌ಮೀಡಿಯೆಟ್ ಪರೀಕ್ಷೆಯಲ್ಲಿ ಇಂಗ್ಲಿಷ್ ಮೇಷ್ಟರ ದನಿಯನ್ನು ನೂರಕ್ಕೆ ನೂರು ಪಾಸು ಮಾಡಿ, ಇಂಗ್ಲಿಷಿನಲ್ಲಿ ಫೇಲಾಗಿದ್ದೆ. ಸೊರಬದಲ್ಲಿ ಅಪ್ಪನ ಬಟ್ಟೆ ಅಂಗಡಿ. ಅಲ್ಲಿ ಕೂರಿಸಿ ನೋಡಿದರು. ಬಂದ ಗಿರಾಕಿಯ ಹಾಗೇ ಗಿರಾಕಿಯೊಡನೆ ಮಾತಾಡಿದೆ. ಒಂದೇ ವಾರದಲ್ಲಿ ಇಬ್ಬರು ಸೀರೆ ಬಿಸಾಕಿ ಎದ್ದುಹೋದರು.

"ನಿನ್ನ ಮಾರಿಗೆ ಕರೀ ಬಟ್ಟೆ ಮುಚ್ಚೋ ಕೆಲಸ ಬೇಕು ಕಣೋ" ಎಂದರು ಅಪ್ಪ. ಅವರು ಸಿಟ್ಟಿನಲ್ಲಿ ಅಂದದ್ದನ್ನು ಅಮ್ಮ ಸಲಹೆ ಎಂದುಕೊಂಡಳು. ಅವಳ ಅಣ್ಣ, ನನ್ನ ಸೋದರಮಾವ ರುದ್ರಪ್ಪನವರಿಗೆ ಶಿಕಾರಿಪುರದಲ್ಲಿ ಫೋಟೋ ಸ್ಟುಡಿಯೋ ಇತ್ತು. ಕರೀ ಬಟ್ಟೆಯೂ ಇತ್ತು. ಜ್ಯೇಷ್ಠ ಮಾಸದಲ್ಲಿ ಒಂದು ಟ್ರಂಕಿನ ಸಮೇತ ನನ್ನನ್ನು ಬಸ್ಸಿಗೆ ಹತ್ತಿಸಿದರು.

ಸ್ಟುಡಿಯೋ ಇದ್ದದ್ದು ಪೇಟೆಬೀದಿಯಲ್ಲಿ, ಕಾಳಿನ ಅಂಗಡಿಯೊಂದರ ಮಹಡಿಯ ಮೇಲೆ; ಅದರ ಹಿಂದಿನ ಕೋಣೆಗಳಲ್ಲೇ ಮಾವನ ಮನೆ. ಏಣಿಯಂಥ ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ದಪ್ಪನೆಯ ಗಿರಾಕಿಗಳು ಏದುಸಿರು ಬಿಡುತ್ತಿದ್ದರು. ಮಾವ ಅವರಿಗೆ ಮೊದಲು ನೀರು ಕೊಟ್ಟು, ಬೆವರು ಆರಿದ ಮೇಲೆಯೇ ಕುರ್ಚಿ ತೋರಿಸುತ್ತಿದ್ದರು. ಮಾಡಿನ ಉತ್ತರದ ಪಾಲಿಗೆ ಹೆಂಚಿನ ಬದಲು ಗಾಜು. ಅದರ ಕೆಳಗೆ ಬಿದಿರ ಗಳಕ್ಕೆ ಪೋಣಿಸಿದ ಬಿಳಿ ಪರದೆಗಳು. ಸರಿಸಿದರೆ ಬೆಳಕು, ಎಳೆದರೆ ನೆರಳು. ಹಿಂದಿನ ಗೋಡೆಗೆ ಬಣ್ಣದ ಪರದೆ. ಅದರಲ್ಲಿ ಅರಮನೆಯ ಮೆಟ್ಟಿಲು, ಎರಡು ಹಂಸ, ಯಾವ ದೇಶದ್ದೋ ಬೆಟ್ಟ.

ಮೊಳೆಗೆ ಒಂದು ಕರಿ ಕೋಟು ತೂಗುಬಿದ್ದಿರುತ್ತಿತ್ತು. ಆ ಒಂದೇ ಕೋಟಿನೊಳಗೆ ತಾಲ್ಲೂಕಿನ ಗೌಡರೆಲ್ಲ ಹೋಗಿ ಬಂದಿದ್ದರು. ತೆಳ್ಳಗಿದ್ದವರಿಗೆ ಬೆನ್ನ ಹಿಂದೆ ಬಟ್ಟೆ ಹಿಡಿದು ಪಿನ್ನು ಚುಚ್ಚುತ್ತಿದ್ದೆವು. ಆಗಿನ ಫೋಟೋಗಳಲ್ಲಿ ಯಾರೂ ನಗುತ್ತಿರಲಿಲ್ಲ ಎಂದು ಈಗ ಜನ ಆಶ್ಚರ್ಯಪಡುತ್ತಾರೆ. ಪಿನ್ನು ಎಲ್ಲಿತ್ತೆಂದು ನನಗೆ ಗೊತ್ತು.

ಕ್ಯಾಮರಾ ಎಂದರೆ ಮೂರು ಕಾಲಿನ ಮೇಲೆ ನಿಂತ ಮರದ ಪೆಟ್ಟಿಗೆ. ಮೊದಲ ದಿನ ಮಾವ ಅದರ ಮುಖವನ್ನು ಬೀದಿ ಕಡೆಯ ಕಿಟಕಿಗೆ ತಿರುಗಿಸಿ, ಕರೀ ಬಟ್ಟೆಯೊಳಗೆ ನನ್ನ ತಲೆ ತೂರಿಸಿದರು. ಕತ್ತಲಲ್ಲಿ ಮಸುಕು ಗಾಜಿನ ಮೇಲೆ ಶಿಕಾರಿಪುರ ಹೊಳೆಯುತ್ತಿತ್ತು! ಎತ್ತಿನ ಗಾಡಿ ಚಕ್ರ ಮೇಲೆ ಮಾಡಿಕೊಂಡು ಆಕಾಶದ ಮೇಲೆ ಉರುಳುತ್ತಿತ್ತು. ಜನ ಬಾವಲಿಗಳಂತೆ ಬೀದಿಗೆ ಜೋತುಬಿದ್ದು ಸಂತೆಗೆ ಹೋಗುತ್ತಿದ್ದರು.

"ಮಾವಾ, ಊರೇ ತಲೆಕೆಳಗಾಗಿದೆ!"

"ಊರು ಸರಿಯಾಗೇ ಐತಿ. ನೋಡೋನು ಹೊಸಬ" ಎಂದರು ಮಾವ, ಹೊರಗಿನಿಂದ.

ಆ ಕ್ಷಣವೇ ನಾನು ಆ ಪೆಟ್ಟಿಗೆಗೆ ಮರುಳಾದೆ. ಆದರೆ ಮಾವ ನನಗೆ ಕ್ಯಾಮರಾ ಮುಟ್ಟಲು ಕೊಡಲಿಲ್ಲ. ತಟ್ಟೆ ತೊಳೆ, ಹೈಪೋ ಕಲಸು, ಪರದೆ ಎಳೆ. ಇಷ್ಟೇ. ಕಾರಣವೂ ಇತ್ತು. ಆಗ ಫೋಟೋ ಹಿಡಿಯುತ್ತಿದ್ದದ್ದು ಗಾಜಿನ ಪ್ಲೇಟುಗಳ ಮೇಲೆ. ಮೋಡದ ದಿನಗಳಲ್ಲಿ ಬೆಳಕು ಸಾಲದೆ, ಮಾವ ಲೆನ್ಸಿನ ಮುಚ್ಚಳವನ್ನು ಕೈಯಿಂದ ತೆಗೆದು, "ಒಂದೂ... ಎರಡೂ..." ಎಂದು ಎಣಿಸಿ, ತಿರುಗಿ ಮುಚ್ಚುತ್ತಿದ್ದರು. ಅಷ್ಟು ಹೊತ್ತು ಎದುರಿಗಿರುವವರು ಕಲ್ಲಾಗಬೇಕು. ನಾನೋ, ಕಲ್ಲನ್ನೂ ನಗಿಸುವ ಹುರುಪಿನವನು. ಚೆನ್ನಪ್ಪ ಸಾಹುಕಾರರು ಅರವತ್ತು ತುಂಬಿದ್ದಕ್ಕೆ ಫೋಟೋ ತೆಗೆಸಲು ಬಂದಾಗ, ಮಾವನ ಬೆನ್ನ ಹಿಂದೆ ನಿಂತು ಅವರು ಕೂತ ಭಂಗಿಯನ್ನೇ ಕೂತು ತೋರಿಸಿದೆ. ಸಾಹುಕಾರರ ಹೊಟ್ಟೆ ಮೊದಲು ನಕ್ಕಿತು. ಪ್ಲೇಟು ತೊಳೆದು ನೋಡಿದರೆ ಅವರಿಗೆ ಎರಡು ಮೂಗು, ಮೂರು ಜೊತೆ ಮೀಸೆ.

"ಇನ್ನೊಂದು ಸಲ ನಗಿಸಿದಿ ಅಂದ್ರೆ ನಿನ್ನನ್ನೇ ಹೈಪೋದಾಗ ಅದ್ದಿ ತಗೀತೀನಿ" ಎಂದರು ಮಾವ.

ದೀಪಾವಳಿಗೆ ಒಂದು ವಾರ ಮೊದಲು ಧಾರವಾಡದಿಂದ ಒಂದು ಕಾಗದ ಬಂತು. ರಾಜ್ಯ ಒಂದಾಗಿ ಎರಡು ವರ್ಷವಾಗಿತ್ತು. ಆ ಕಡೆಯ ವಿದ್ವಾಂಸರು ಈ ಕಡೆಯ ಊರುಗಳನ್ನು ಹುಡುಕಿಕೊಂಡು ಬರುತ್ತಿದ್ದ ಕಾಲ. ಕುಲಕರ್ಣಿ ಎಂಬ ಪ್ರೊಫೆಸರರು ನಮ್ಮ ಸೀಮೆಯ ಮೇಲೆ ದೊಡ್ಡ ಪುಸ್ತಕ ಮಾಡುತ್ತಾರಂತೆ. ಹಳೆಯ ಗುಡಿ, ಶಾಸನ, ಹೊಲಗದ್ದೆಯ ಕೆಲಸ, ಹಳ್ಳಿಯ ಜನರ ಮುಖ, ಎಲ್ಲದರ ಫೋಟೋ ಬೇಕು. ವರ್ಷವಿಡೀ ಕೆಲಸ. ಶಿವರಾತ್ರಿ ಹೊತ್ತಿಗೆ ಬಂದು ಒಂದಷ್ಟು ಮಾದರಿ ನೋಡಿ, ಹಿಡಿಸಿದರೆ ಮಾವನಿಗೇ ವಹಿಸುತ್ತಾರೆ. ಮಾವ ಆ ಕಾಗದವನ್ನು ಮೂರು ಸಲ ಓದಿದರು. ಇಪ್ಪತ್ತು ವರ್ಷ ಕೋಟು ತೊಟ್ಟ ಗೌಡರನ್ನೇ ತೆಗೆದ ಮನುಷ್ಯ ಅವರು. ಆ ದಿನ ಅವರ ಮುಖ ನೋಡಬೇಕಿತ್ತು!

ನಾನು ನೋಡಿದೆ. ನೋಡಿ, ಸಂಜೆ ಹೋಟೆಲಿಗೆ ಹೋಗಿ ಮಾಡಿಯೂ ತೋರಿಸಿದೆ. ಮಾವ ಕಾಗದ ಓದುವುದು, ಮಾವ ಬಟ್ಟೆಯೊಳಗೆ ತಲೆ ತೂರಿಸುವುದು, ಮಾವ "ಒಂದೂ... ಎರಡೂ..." ಎನ್ನುವುದು. ಲೆನ್ಸಿನ ಮುಚ್ಚಳದ ಹತ್ತಿರ ಹೋದಾಗ ಅವರ ಬಲಗೈ ಒಂದು ಬಗೆಯಲ್ಲಿ ಪಟಪಟನೆ ಆಡುತ್ತಿತ್ತು. ಅದನ್ನೂ ಸೇರಿಸಿದೆ. ಅದು ಅವರ ಶೈಲಿ ಎಂದುಕೊಂಡಿದ್ದೆ, ದೇವರಾಣೆ. ಹೋಟೆಲಿಗೆ ಹೋಟೆಲೇ ಬಿದ್ದು ಬಿದ್ದು ನಕ್ಕಿತು. ಇನ್ನೊಮ್ಮೆ ಎಂದರು, ಇನ್ನೊಮ್ಮೆ ಮಾಡಿದೆ.

ಎರಡು ದಿನ ಬಿಟ್ಟು ಚೆನ್ನಪ್ಪ ಸಾಹುಕಾರರು ಒಂದೇ ಮೂಗಿನ ಫೋಟೋಗಾಗಿ ಮತ್ತೆ ಬಂದರು. ಕುರ್ಚಿಯಲ್ಲಿ ಕೂತವರೇ, "ಏನ್ರೀ ರುದ್ರಪ್ನೋರೇ, ನಿಮ್ಮ ಕೈ ನಡುಗ್ತತಂತೆ? ನಾನು ನಗದೇ ಇದ್ರೂ ಮೂಗು ಎರಡಾಗ್ತಾವೇನು ಮತ್ತೆ?" ಎಂದರು.

ಮಾವ ಮುಚ್ಚಳಕ್ಕೆ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದರು. "ಯಾರು ಹೇಳಿದ್ರು?"

"ನಿಮ್ಮ ಅಳಿಯನೇ ಮಾಡಿ ತೋರಿಸ್ಯಾನಲ್ರೀ! ಊರೆಲ್ಲ ಅದೇ ಮಾತು. ನಮ್ಮ ಲಾರಿ ಡ್ರೈವರು ಸೊರಬದಾಗೂ ಹೇಳ್ಯಾನಂತೆ."

ಮಾವ ನನ್ನ ಕಡೆ ತಿರುಗಲಿಲ್ಲ. "ಇವತ್ತು ಬೆಳಕು ಸರಿ ಇಲ್ಲ, ನಾಳೆ ಬರ್ರಿ" ಎಂದಷ್ಟೇ ಹೇಳಿ ಒಳಗೆ ಹೋದರು. ಮಾಡಿನ ಗಾಜಿನಿಂದ ಬೆಳಕು ಧಾರಾಳವಾಗಿ ಸುರಿಯುತ್ತಿತ್ತು.

ಗೌರತ್ತೆ, ಅಂದರೆ ಮಾವನ ಹೆಂಡತಿ, ನನ್ನನ್ನು ಕೆಳಗೆ ಹಿತ್ತಲಿಗೆ ಕರೆದಳು. ಅವಳ ಕೈಯಲ್ಲಿ ಸಣ್ಣಗೆ ಚೂಪು ಮಾಡಿದ ಸೀಸದಕಡ್ಡಿ ಇತ್ತು. ನೆಗೆಟಿವಿನ ಮೇಲೆ ಮುಖದ ಕಲೆಗಳನ್ನು ತಿದ್ದುವ ಕಡ್ಡಿ ಅದು.

"ಹೋದ ವರ್ಷದಿಂದ ಕೈ ಹಂಗಾಗೇತಿ" ಎಂದಳು. "ತಿದ್ದೋ ಕೆಲಸ ಈಗ ನಾನೇ ಮಾಡ್ತೀನಿ. ಡಾಕ್ಟ್ರು ವಾಸಿಯಾಗಲ್ಲ ಅಂದಾರೆ. ಯಾರಿಗೂ ಗೊತ್ತಾಗಬಾರದು ಅಂತ ಅವರು ಮುಚ್ಚಿಟ್ಟುಕೊಂಡಿದ್ರು. ಹೆಂಡ್ತಿಯಾದ ನನಗೇ ಮೂರು ತಿಂಗಳು ಗೊತ್ತಾಗಿರಲಿಲ್ಲ. ನಿನಗೆ ಹೆಂಗಪ್ಪಾ ಕಂಡುಬಿಡ್ತು?"

ನನಗೆ ಎಲ್ಲವೂ ಕಾಣುತ್ತಿತ್ತು. ಏನೂ ಗೊತ್ತಾಗುತ್ತಿರಲಿಲ್ಲ.

"ಆ ಪ್ರೊಫೆಸರ್ ಕಿವಿಗೆ ಬಿತ್ತು ಅಂದ್ರೆ ಕೆಲಸ ಕೈ ಬಿಡ್ತತಿ. ಇಲ್ಲಿಯ ಗಿರಾಕಿಗಳೂ ಬರೋದು ಬಿಡ್ತಾರೆ. ಆಮೇಲೆ ಈ ಮಹಡಿ ಕಾಳಿನ ಮೂಟೆ ಇಡಾಕೆ ಅಷ್ಟೇ."

ನಾನು ಹೋಗಿ ಮಾವನ ಕಾಲು ಹಿಡಿದೆ. "ತಪ್ಪಾಯ್ತು ಮಾವ."

"ತಪ್ಪಾಗಿ ಎಲ್ಲಿ ಮಾಡಿ ತೋರಿಸೀ? ಸರಿಯಾಗೇ ಮಾಡಿ ತೋರಿಸೀಯ. ಅದಕ್ಕೇ ನನಗೆ ಸಿಟ್ಟು." ಎದ್ದು ಹೋಗಿ ಲೆನ್ಸಿನ ಮುಚ್ಚಳ ತಂದು ನನ್ನ ಅಂಗೈಯಲ್ಲಿಟ್ಟರು. "ನನ್ನ ಕೈ ಮಾಡಿ ತೋರಿಸ್ತೀಯಲ್ಲ, ಶಿವರಾತ್ರಿಯೊಳಗೆ ನನ್ನ ಕಣ್ಣು ಮಾಡಿ ತೋರ್ಸು ನೋಡೋಣ."

ಅಬ್ಬಾ, ಆಮೇಲಿನ ನಾಲ್ಕು ತಿಂಗಳು! ಇಂಟರ್‌ಮೀಡಿಯೆಟ್ಟಿನಲ್ಲಿ ಅದರ ಕಾಲು ಭಾಗ ಓದಿದ್ದರೆ ಈಗ ನಾನು ಅಮಲ್ದಾರನಾಗಿರುತ್ತಿದ್ದೆ.

ಕಣ್ಣನ್ನು ಅಣಕಿಸುವುದು ಹೇಗೆ? ಮಾವ ನೋಡುವಾಗ ಅವರನ್ನೇ ನೋಡತೊಡಗಿದೆ. ಗಿರಾಕಿ ನೀರು ಕುಡಿಯುವಾಗ ಮಾವ ಲೆನ್ಸು ಒರೆಸುವ ನೆಪದಲ್ಲಿ ಓರೆಯಾಗಿ ನಿಲ್ಲುತ್ತಿದ್ದರು. ಮೊದಲು ಗಿರಾಕಿಯ ಕುತ್ತಿಗೆ, ಆಮೇಲೆ ಕೈಗಳು. ಮುಖಕ್ಕೆ ಬರುತ್ತಿದ್ದದ್ದು ಕೊನೆಗೆ. ನಾನೂ ಹಾಗೇ ನಿಂತೆ, ಹಾಗೇ ನೋಡಿದೆ. ಮುಖ ಧೈರ್ಯ ತೋರಿಸುವಾಗ ಹೆಬ್ಬೆರಳು ಮುಷ್ಟಿಯೊಳಗೆ ಅಡಗಿ ಕೂತಿರುವುದು ಆಗ ಕಾಣಿಸಿತು. ಮಾವ ಅಂಥವರಿಗೆ ಅವರದೇ ವಸ್ತು ಕೈಗೆ ಕೊಡುತ್ತಿದ್ದರು: ಊರುಗೋಲು, ಅಡಕೆ ಚೀಲ, ಇಲ್ಲವೇ ಮೊಮ್ಮಗುವಿನ ಟೋಪಿ. ಹೆಬ್ಬೆರಳು ಹೊರಗೆ ಬರುತ್ತಿತ್ತು. ಮುಖ ತಾನಾಗಿಯೇ ಸಡಿಲವಾಗುತ್ತಿತ್ತು. ನಾನು ಒಂದು ಹೆಜ್ಜೆ ಮುಂದೆ ಹೋದೆ. ಗಿರಾಕಿ ನೀರು ಕುಡಿದು ಏಳುವ ಮೊದಲು ಅವರಂತೆ ಕುರ್ಚಿಯಲ್ಲಿ ಕೂತು ಮೈ ಎಲ್ಲಿ ಬಿಗಿಯುತ್ತದೆ ಎಂದು ನೋಡಿಕೊಳ್ಳುತ್ತಿದ್ದೆ. ಹೋಟೆಲಿನಲ್ಲಿ ಶಾಪವಾದ ವಿದ್ಯೆ ಇಲ್ಲಿ ಕೆಲಸಕ್ಕೆ ಬಂತು. ಮಾವ ನನ್ನನ್ನೂ ಒಮ್ಮೆ ಕೂರಿಸಿ ಪ್ಲೇಟು ತೆಗೆದರು, ನನಗೆ ತೊಳೆಯುವ ಅಭ್ಯಾಸವಾಗಲೆಂದು. ತೊಳೆದಾಗ ಮೊದಲು ಮೂಡಿದ್ದು ನನ್ನ ಮೊರದಂಥ ಎರಡು ಕಿವಿ. ಬಹಳ ಹೊತ್ತು ಬರೇ ಕಿವಿಗಳೇ ಇದ್ದವು. ಮುಖ ಬರುತ್ತದೋ ಇಲ್ಲವೋ ಎಂದು ಅತ್ತೆಯೂ ಬಂದು ಬಗ್ಗಿ ನೋಡಿದಳು.

ಶಾಸನದ ಫೋಟೋ ತೆಗೆಯಲು ಮಾರ್ಗಶಿರದಲ್ಲಿ ಕುಬಟೂರಿಗೆ ನಾನೊಬ್ಬನೇ ಹೋದೆ. ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ, ಆನವಟ್ಟಿಯಲ್ಲಿಳಿದು, ಪೆಟ್ಟಿಗೆ, ಮೂರು ಕಾಲು, ಪ್ಲೇಟು ಎಲ್ಲ ಹೊತ್ತು ನಡೆದೆ. ಗುಡಿಯಿಂದ ಸ್ವಲ್ಪ ದೂರ, ದಾರಿ ಬದಿಗೆ ಆಳೆತ್ತರದ ಶಾಸನದ ಕಲ್ಲು. ನಡುಹಗಲಿನ ಬಿಸಿಲು ಧಗಧಗಿಸುತ್ತಿತ್ತು. ಬೆಳಕು ಹೆಚ್ಚಿದ್ದಷ್ಟೂ ಒಳ್ಳೆಯದೆಂದು ನಾಲ್ಕು ಪ್ಲೇಟು ತೆಗೆದೆ. ಶಿಕಾರಿಪುರದಲ್ಲಿ ತೊಳೆದರೆ ಒಂದಕ್ಷರವೂ ಇಲ್ಲ. ಅಗಸರ ಕಲ್ಲಿನಂತೆ ನುಣ್ಣಗೆ ಬಂದಿತ್ತು.

"ಶಾಸನ ಬರೆಸಿದ ರಾಜ ನೋಡಿದ್ರೆ ಎದೆ ಒಡಕೊಂತಿದ್ದ" ಎಂದರು ಮಾವ. "ಹೋಗು, ಮತ್ತೆ ಹೋಗು."

ಮತ್ತೆ ಹೋದೆ. ಈ ಸಲ ಕಲ್ಲಿನ ಬೆನ್ನಿಗೆ ಒಬ್ಬ ಮುದುಕಿ ಸಗಣಿ ಬೆರಣಿ ತಟ್ಟುತ್ತಿದ್ದಳು. ಹಾಳುಗೆಡವುತ್ತಿದ್ದಾಳೆಂದು ನನಗೆ ರೇಗಿತು.

"ಅಜ್ಜೀ, ಇದು ಶಾಸನ. ಸಾವಿರ ವರ್ಷದ್ದು!"

"ಇರಬೌದು ಮಗಾ. ಬರೆದ ಮಗ್ಗುಲಿಗೆ ನಾ ತಟ್ಟಲ್ಲ. ಬೆನ್ನಿಗೆ ತಟ್ತೀನಿ. ನೀ ಎಂತಕ್ಕೆ ಮಟಮಟ ಮಧ್ಯಾಹ್ನ ಅದರ ಮುಂದೆ ಪೆಟ್ಟಿಗೆ ಇಟ್ಕಂಡು ಬೇಯ್ತೀಯ? ಮೊನ್ನೇನೂ ಬೆಂದು ಹೋದೆ."

"ಅಕ್ಷರ ಬರ್ತಿಲ್ಲ ಅಜ್ಜಿ."

"ಈಗ ಹೆಂಗೆ ಬತ್ತಾವೆ? ಅವು ಮಲಗ್ಯಾವೆ. ಹೊತ್ತು ಇಳಿಯೋವಾಗ ನೋಡು, ಒಂದೊಂದೇ ಎದ್ದು ಕೂರ್ತಾವೆ. ನಾ ದಿನಾ ಬೆರಣಿ ತಗಿಯಾಕೆ ಬಂದಾಗ ನೋಡ್ತೀನಲ್ಲ."

ಓದು ಬಾರದ ಆ ಅಜ್ಜಿಯ ಮಾತು ಕೇಳಿ ಸಂಜೆಯವರೆಗೆ ಕಾದೆ. ಸೂರ್ಯ ಕಲ್ಲಿನ ಎಡಮಗ್ಗುಲಿಗೆ ಇಳಿದ. ಬೆಳಕು ಕಲ್ಲನ್ನು ಸವರಿಕೊಂಡು ಓರೆಯಾಗಿ ಬಂತು. ಮೊದಲ ಸಾಲಿನಲ್ಲಿ ಒಂದು ಕೊಂಬು ಎದ್ದಿತು. ಆಮೇಲೆ ಒಂದು ದೀರ್ಘ. ನೋಡನೋಡುತ್ತಿದ್ದಂತೆ ಕಲ್ಲಿನ ತುಂಬ ಅಕ್ಷರಗಳು ನೆರಳು ಹೊದ್ದು ಎದ್ದು ನಿಂತವು! ನಾನು ಕುಣಿದುಬಿಟ್ಟೆ. ಅಜ್ಜಿ ಬೆರಣಿ ಬುಟ್ಟಿ ಇಳಿಸಿ, "ಏ, ಮೊದಲು ಪೆಟ್ಟಿಗೆ ನೋಡೋ, ಹೊತ್ತು ಹೋತು" ಎಂದು ಗದರಿದಳು. ಎರಡೇ ಪ್ಲೇಟು ತೆಗೆದೆ. ಎರಡೂ ಬಂದವು.

ಆ ಓರೆ ಬೆಳಕು ನನ್ನ ತಲೆಯಿಂದ ಇಳಿಯಲಿಲ್ಲ. ಕಲ್ಲಿಗೆ ಆದದ್ದು ಮುಖಕ್ಕೂ ಆಗಬಾರದೇಕೆ? ಮಾವ ಮನೆಯಲ್ಲಿಲ್ಲದ ಒಂದು ಮಧ್ಯಾಹ್ನ, ಉಳವಿಯಿಂದ ಬಂದಿದ್ದ ಒಬ್ಬ ಹಿರಿಯ ರೈತರನ್ನು ಕೂರಿಸಿ, ಒಂದು ಮಗ್ಗುಲಿನ ಪರದೆ ಮಾತ್ರ ಸರಿಸಿ, ಉಳಿದದ್ದೆಲ್ಲ ಮುಚ್ಚಿದೆ. ಕೋಟು ಕೊಡಲಿಲ್ಲ, ಅವರ ಕಂಬಳಿಯೇ ಇರಲಿ ಎಂದೆ. ಚಿತ್ರ ಬಂದಾಗ ಅರವತ್ತು ಮಳೆಗಾಲ ಕಂಡ ಒಂದೊಂದು ಗೆರೆಯೂ ಶಾಸನದಂತೆ ಓದಲು ಬರುತ್ತಿತ್ತು. ಆದರೆ ಅವರು ಫೋಟೋ ಹಿಡಿದು ಕಿಟಕಿಗೆ ಹೋದರು, ತಿರುಗಿಸಿದರು, ಹಿಂಭಾಗವನ್ನೂ ನೋಡಿದರು.

"ಚಂದಾಗೈತೆ. ಇನ್ನರ್ಧ ಮುಖ ಎಲ್ಲಿಟ್ರಿ?"

"ನೆರಳಲ್ಲಿದೆ ಅಪ್ಪಾರೇ."

"ನೆರಳಲ್ಲಿ ಇಡಾಕೆ ನಾನು ಅಷ್ಟು ದೂರದಿಂದ ಮುಖ ತರಬೇಕಿತ್ತಾ ಮಾರಾಯಾ? ಪೂರಾ ತೆಗೆದುಕೊಡು. ಕೋಟೂ ಹಾಕು."

ಪೂರಾ ತೆಗೆದುಕೊಟ್ಟೆ, ಕೋಟು ಹಾಕಿ, ಪಿನ್ನು ಚುಚ್ಚಿ. ಅರ್ಧ ಮುಖದ್ದನ್ನು ನಾನಿಟ್ಟುಕೊಂಡೆ. ಸಂಜೆ ಮಾವ ಅದನ್ನು ಬಹಳ ಹೊತ್ತು ನೋಡಿದರು. ಮಾದರಿಗಳ ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟರು.

ಇನ್ನುಳಿದದ್ದು ಹೊಲದ ಕೆಲಸ. ಪುಷ್ಯದಲ್ಲಿ ಕುಪ್ಪಗಡ್ಡೆಯ ತಿಮ್ಮಪ್ಪನವರ ಕಣಕ್ಕೆ ಹೋದೆ. ಅವರು ಅಪ್ಪನ ಅಂಗಡಿಯ ಹಳೆಯ ಗಿರಾಕಿ. ಈ ಸಲ ಮಾವನ ಇನ್ನೊಂದು ಕ್ಯಾಮರಾ ತಂದಿದ್ದೆ. ಮಡಚಿದರೆ ಪಂಚಾಂಗದಷ್ಟೇ ದಪ್ಪ. ರೋಲ್ ಫಿಲ್ಮು ಹಾಕಿದರೆ ಎಂಟು ಚಿತ್ರ. ಅದರಲ್ಲಿ ಎಣಿಸಿ ಮುಚ್ಚುವ ಗೋಜಿಲ್ಲ. ಒತ್ತಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು. ಭತ್ತ ಬಡಿದು ರಾಶಿ ಮಾಡಿದ್ದರು. ತಿಮ್ಮಪ್ಪನವರು ಎತ್ತರದ ಮುಕ್ಕಾಲಿಯ ಮೇಲೆ ನಿಂತು ಮೊರದಿಂದ ತೂರುತ್ತಿದ್ದರು. ಕಾಳು ನೇರ ಬೀಳುತ್ತಿತ್ತು, ಹೊಟ್ಟು ಗಾಳಿಗೆ ಹಾರುತ್ತಿತ್ತು. ಕ್ಯಾಮರಾ ಕಂಡದ್ದೇ ಕೆಲಸ ನಿಂತಿತು. ತಿಮ್ಮಪ್ಪನವರು ಇಳಿದು ಹೋಗಿ ಅಂಗಿ ಹಾಕಿಕೊಂಡು ಬಂದು, ಮುಕ್ಕಾಲಿಯ ಮೇಲೆ ಕವಾಯತಿನ ಪೊಲೀಸನಂತೆ ನೆಟ್ಟಗೆ ನಿಂತರು.

"ಕೆಲಸ ಮಾಡ್ರೀ ಮಾಮ, ಅದೇ ಬೇಕು ನನಗೆ."

"ಕೆಲಸ ಮಾಡಾದು ಎಂತ ಫೋಟೋನೋ? ನಿಂತಿದ್ದು ತೆಗಿ."

ನಾನು ಬೆಳಕನ್ನು ಬೆನ್ನಿಗೆ ಮಾಡಿಕೊಂಡು ನಿಂತೆ. ಬೆಳಕು ಯಾವಾಗಲೂ ನಿನ್ನ ಬೆನ್ನಿಗಿರಲಿ ಎಂಬುದು ಹೊರಗಿನ ಕೆಲಸಕ್ಕೆ ಮಾವ ಹೇಳಿಕೊಟ್ಟ ಪಾಠ. ಕಣ್ಣಿಗೆ ಕ್ಯಾಮರಾ ಏರಿಸಿದ್ದೇ ತಡ, ತಿಮ್ಮಪ್ಪನವರ ಹೆಂಡತಿ ಸೆರಗು ಚಾಚಿ ರಾಶಿಗೆ ಅಡ್ಡ ನಿಂತರು.

"ರಾಶಿ ತೆಗಿಬ್ಯಾಡ! ಇನ್ನೂ ಪೂಜೆ ಆಗಿಲ್ಲ. ಕಣ್ಣು ತಾಗ್ತದೆ."

"ನನ್ನ ಕಣ್ಣು ಒಳ್ಳೇದು ಅಕ್ಕಾ."

"ನಿನ್ನ ಕಣ್ಣಲ್ಲ. ಅದರ ಕಣ್ಣು. ಒಂಟಿ ಕಣ್ಣು ಅದು, ರೆಪ್ಪೇನೂ ಇಲ್ಲ."

ರೆಪ್ಪೆ ಇದೆಯೆಂದು ಒತ್ತಿ ತೋರಿಸಿದೆ. ಎಂಟರಲ್ಲಿ ಒಂದು ಚಿತ್ರ ದಂಡವಾಯಿತು; ಅವರು ಒಪ್ಪಲಿಲ್ಲ. ಕೊನೆಗೆ ರಾಜಿಯಾಯಿತು. ರಾಶಿ ಕಾಣಬಾರದು. ಹೊಟ್ಟಿಗೆ ಕಣ್ಣು ಎಷ್ಟು ಬೇಕಾದರೂ ತಾಗಲಿ, ಅದು ಹೋಗಬೇಕಾದದ್ದೇ. ಹಾಗಾಗಿ ನನಗೆ ನಿಲ್ಲಲು ಉಳಿದದ್ದು ಒಂದೇ ಜಾಗ. ಕಣದ ತಗ್ಗಿನ ಬದಿ, ಹೊಟ್ಟು ಹಾರಿಬರುವ ಕಡೆ, ಸೂರ್ಯ ನೇರ ಎದುರಿಗೆ. ಮಾವ ಕಲಿಸಿದ್ದಕ್ಕೆಲ್ಲ ತದ್ವಿರುದ್ಧ. ಚಪ್ಪಲಿ ದೂರ ಬಿಟ್ಟು, ನೆಲಕ್ಕೆ ಮೊಣಕಾಲೂರಿ, ಮೇಲಕ್ಕೆ ನೋಡಿದೆ.

ಗಾಳಿ ಬಿದ್ದುಹೋಗಿತ್ತು. ಎಲ್ಲರೂ ಕಾದೆವು. ಕಾಯುವಾಗ ಸುಮ್ಮನಿರಲಾರದೆ, ಅಂಗಿ ಹಾಕಿಕೊಂಡು ಬಂದು ನಿಂತ ತಿಮ್ಮಪ್ಪನವರನ್ನೇ ಮಾಡಿ ತೋರಿಸಿದೆ. ಅವರ ಹೆಂಡತಿ ರಾಶಿಯ ಪಕ್ಕದಲ್ಲೇ ಕುಸಿದು ಕೂತು ನಕ್ಕರು. ಕೂಲಿಗೆ ಬಂದವರು ನಕ್ಕರು. "ಥೂ ನಿನ್ನ, ನಾನು ಹಂಗ್ ನಿಂತಿದ್ನಾ?" ಎಂದು ತಿಮ್ಮಪ್ಪನವರೂ ನಕ್ಕು, ಅಂಗಿ ಬಿಚ್ಚಿ ಒಗೆದರು. ಅಷ್ಟರಲ್ಲಿ ಗಾಳಿ ಬಂತು. "ಬಂತು, ಬಂತು, ಹೊಯ್ಯಿ!" ಮೊರ ಮೇಲೇರಿತು. ಹೊಟ್ಟು ಸೂರ್ಯನಿಗೆ ಅಡ್ಡಬಂದು ಇಡೀ ಆಕಾಶ ಕಿಡಿ ಹೊತ್ತಿಕೊಂಡಿತು. ಅದರ ನಡುವೆ ಕೈಯೆತ್ತಿದ ಕರಿಯ ಆಕೃತಿ, ನಗು ಇನ್ನೂ ಮೈಯಲ್ಲಿ ಹಾಗೇ ಇದೆ! ಕಣ್ಣಿಗೆ ಹೊಟ್ಟು, ಬಾಯಿಗೆ ಹೊಟ್ಟು. ಏಳು ಸಲ ಒತ್ತಿದೆ. ನಗುವವರನ್ನು ಹಿಡಿಯಬಹುದು ಎಂದು ತಿಳಿದ ದಿನ ಅದು. ಅವರು ಅಲುಗಾಡಿದರೂ ಮೂಗು ಒಂದೇ ಇರುತ್ತದೆ.

ಏಳರಲ್ಲಿ ಆರು ಕೆಟ್ಟವು. ಒಂದು ಬಂತು. ಕೆಂಪು ದೀಪದಡಿ ತಟ್ಟೆಯಲ್ಲಿ ಅದು ಮೂಡಿದಾಗ ಮಾವ, ಅತ್ತೆ, ನಾನು ಮೂವರೂ ತಲೆಗೆ ತಲೆ ತಾಗುವಂತೆ ಬಗ್ಗಿದೆವು.

"ಬೆಳಕು ಬೆನ್ನಿಗಿರಲಿ ಅಂದಿದ್ದೆ" ಎಂದರು ಮಾವ.

"ಹೌದು ಮಾವ."

"ಇಪ್ಪತ್ತು ವರ್ಷ ನಾನೂ ಹಂಗೇ ಅಂದುಕೊಂಡಿದ್ದೆ ನೋಡು."

ಶಿವರಾತ್ರಿಗೆ ನಾಲ್ಕು ದಿನವಿರುವಾಗ ಕುಲಕರ್ಣಿ ಮಾಸ್ತರರು ಬಂದರು. ರುಮಾಲು, ಉದ್ದ ಕೋಟು, ದಪ್ಪ ಕನ್ನಡಕ. ಮೆಟ್ಟಿಲು ಹತ್ತಿ ಬಂದವರಿಗೆ ನೀರು ಕೊಟ್ಟೆ. ಅವರ ಏದುಸಿರು ನನ್ನೊಳಗೆ ಬಂದು ಕೂತಿತು; ಹಲ್ಲು ಕಚ್ಚಿ ತಡೆದೆ. ಮಾವ ಕೈಗಳನ್ನು ಮಡಿಲಲ್ಲಿ ಒಂದರ ಮೇಲೊಂದು ಇಟ್ಟುಕೊಂಡು ಕೂತರು. ಅತ್ತೆ ಬಾಗಿಲ ಹಿಂದೆ. ಮಾದರಿಗಳನ್ನು ನಾನೇ ಮೇಜಿನ ಮೇಲೆ ಹರಡಿದೆ.

ಅವರು ಶಾಸನದ ಚಿತ್ರವನ್ನು ಕನ್ನಡಕಕ್ಕೆ ತಾಗುವಷ್ಟು ಹತ್ತಿರ ಹಿಡಿದು ಅಲ್ಲೇ ಎರಡು ಸಾಲು ಓದಿಯೇಬಿಟ್ಟರು. ಅರ್ಧ ಮುಖದ ರೈತರನ್ನು ನೋಡಿ "ಆಹಾ" ಎಂದರು. ಹೊಟ್ಟಿನ ಚಿತ್ರವನ್ನು ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದರು. ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡು ನಕ್ಕರು.

"ಸೊರಬದಾಗ ಒಬ್ಬರು ಹೇಳಿದ್ರು ರುದ್ರಪ್ಪನ್ನೋರ, ನಿಮ್ಮ ಕೈ ನಡಗತದ, ಅವರ ಕಡೆ ಕೆಲಸ ಕೊಡಬ್ಯಾಡ್ರಿ ಅಂತ. ನೋಡ್ರಿ, ಎಂಥಾ ಹೊಟ್ಟೀಕಿಚ್ಚಿನ ಮಂದಿ! ಇಂಥಾ ಚಿತ್ರ ನಡಗೋ ಕೈಯಿಂದ ಬರ್ತಾವೇನ್ರಿ? ಆತು, ಕೆಲಸ ನಿಮ್ಮದ."

ನನಗೆ ಹಾರಿ ಮಾಡಿನ ಗಾಜು ಮುಟ್ಟಬೇಕೆನಿಸಿತು. ಮುಗಿಯಿತು! ಗೆದ್ದೆವು! ನಾನು ಹೋಟೆಲಿನಲ್ಲಿ ಬಿತ್ತಿದ್ದ ಮಾತು ಅವರ ಬಾಯಿಂದಲೇ ಸುಳ್ಳಾಗಿ ಹೋಯಿತು. ಇನ್ನು ಎಲ್ಲರೂ ಸುಮ್ಮನಿದ್ದರಾಯಿತು. ಬಾಯಿಬಡುಕ ನಾನೇ ಸುಮ್ಮನಿದ್ದೆ.

ಮಾವ ಸುಮ್ಮನಿರಲಿಲ್ಲ. ಮಡಿಲಿನಿಂದ ಬಲಗೈ ತೆಗೆದು ಮೇಜಿನ ಮೇಲೆ, ಚಿತ್ರಗಳ ಪಕ್ಕದಲ್ಲಿ ಇಟ್ಟರು. ಅದು ಮರದ ಮೇಲೆ ಸಣ್ಣಗೆ ಸದ್ದು ಮಾಡತೊಡಗಿತು.

"ನಡುಗ್ತತಿ ಸರ್. ಅವರು ಹೇಳಿದ್ದು ಖರೇ. ಇವು ನಾನು ತೆಗೆದವಲ್ಲ. ಈತ ತೆಗೆದಾನೆ, ನನ್ನ ತಂಗಿ ಮಗ."

ಬಾಗಿಲ ಹಿಂದೆ ಅತ್ತೆಯ ಬಳೆ ಸದ್ದಾಯಿತು. ಮಾಸ್ತರರು ನನ್ನನ್ನು ಕಾಲಿನಿಂದ ಕಿವಿಯವರೆಗೆ ನೋಡಿದರು. ಕಿವಿಗಳ ಹತ್ತಿರ ಸ್ವಲ್ಪ ಹೊತ್ತು ನಿಂತರು.

"ಏನ್ ಓದೀಯಪ್ಪಾ?"

"ಇಂಟರ್‌ಮೀಡಿಯೆಟ್ ಫೇಲ್, ಸರ್."

"ಈ ಹೊಟ್ಟಿನ ಚಿತ್ರ ಸೂರ್ಯಾನ್ನ ಎದುರಿಗೆ ಇಟಗೊಂಡು ತಗದೀಯಲ್ಲ, ಯಾರೂ ಹಂಗ ತಗಿಯೂದಿಲ್ಲ. ಯಾಕ ತಗದಿ?"

ಏನಾದರೂ ದೊಡ್ಡ ಮಾತು ಹೇಳಬಹುದಿತ್ತು. ಮೇಜಿನ ಮೇಲೆ ಆ ಕೈ ಇನ್ನೂ ಸದ್ದು ಮಾಡುತ್ತಿತ್ತು. "ಇನ್ನೊಂದು ಕಡೆಯಿಂದ ತೆಗೆದರೆ ರಾಶಿ ಕಾಣುತ್ತಿತ್ತು ಸರ್. ಪೂಜೆ ಆಗದ ರಾಶಿಗೆ ಕ್ಯಾಮರಾ ಕಣ್ಣು ತಾಗುತ್ತೆ ಅಂತ ಆ ಅಕ್ಕ ಬಿಡಲಿಲ್ಲ. ಶಾಸನಕ್ಕೆ ಸಂಜೆ ತನಕ ಕಾಯಬೇಕು ಅಂತ ಬೆರಣಿ ತಟ್ಟೋ ಅಜ್ಜಿ ಹೇಳಿದ್ದು. ಮುಖ ನೋಡೋಕೆ ಮುಂಚೆ ಕೈ ನೋಡಬೇಕು ಅಂತ ಮಾವನಿಂದ ಕಲಿತದ್ದು. ನನ್ನದು ಅಂತ ಏನೂ ಇಲ್ಲ ಸರ್, ನಾನು ಎಲ್ಲರ ಹಾಗೆ ಮಾಡ್ತೀನಿ ಅಷ್ಟೇ."

ಅವರು ಜೇಬಿನಿಂದ ಪುಸ್ತಕ ತೆಗೆದು ರಾಶಿಯ ವಿಷಯ ಬರೆದುಕೊಂಡರು. ಬರೆದು ಮುಗಿಸುವವರೆಗೆ ನಮಗೆ ಒಂದು ಯುಗ ಕಳೆದಂತಾಯಿತು. ಆಮೇಲೆ ಹೊಟ್ಟಿನ ಚಿತ್ರವನ್ನು ಜೋಪಾನವಾಗಿ ಆ ಪುಸ್ತಕದ ನಡುವೆ ಇಟ್ಟರು.

"ನಾ ಕೊಟ್ಟ ಮಾತು ಹಿಂದ ತಗೊಳ್ಳೂದಿಲ್ಲ. ಆದರ ಒಂದು ಶರತ್ತು. ಹೋದಲ್ಲೆಲ್ಲ ಇಬ್ಬರೂ ಬರಬೇಕು. ಒಬ್ಬರ ಬಂದರ ನನಗ ಬ್ಯಾಡ."

ಅವರು ಮೆಟ್ಟಿಲಿಳಿದ ಮೇಲೆ ಅವರ ಏದುಸಿರು, ಕನ್ನಡಕ ಒರೆಸುವುದು, "ಒಬ್ಬರ ಬಂದರ ನನಗ ಬ್ಯಾಡ" ಎಲ್ಲವನ್ನೂ ಮಾಡಿ ತೋರಿಸಿದೆ. ಅಷ್ಟು ಹೊತ್ತು ತಡೆದಿದ್ದೆನಲ್ಲ! ಅತ್ತೆ ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು. ಮಾವ ಎಷ್ಟು ನಕ್ಕರೆಂದರೆ ಕೈ ಮಾತ್ರವಲ್ಲ, ಮೈಯೆಲ್ಲ ನಡುಗುತ್ತಿತ್ತು.

ಹಬ್ಬ ಕಳೆದ ಮಾರನೆಯ ಬೆಳಿಗ್ಗೆ ಮೊದಲ ಪ್ಲೇಟಿಗೆ ಕುಬಟೂರಿನ ಗುಡಿಗೆ ಹೋದೆವು. ದೊಡ್ಡ ಮಂಟಪ, ಕಂಬಗಳ ಸಾಲು, ಅವುಗಳ ನಡುವೆ ಎಳೆಬಿಸಿಲು ಆಗತಾನೆ ಕಾಲಿಡುತ್ತಿತ್ತು. ನಾನು ಮೂರು ಕಾಲು ಹೊತ್ತು ಅಲ್ಲಿ ಇಲ್ಲಿ ಓಡಾಡಿದೆ. ಎಲ್ಲಿಟ್ಟರೂ ಯಾವುದೋ ಒಂದು ಕಂಬ ಇನ್ನೊಂದನ್ನು ನುಂಗುತ್ತಿತ್ತು. ಬೆಳಕು ಏರುತ್ತಿತ್ತು. ಮಾವ ಕಟ್ಟೆಯ ಮೇಲೆ ಕೂತು, ಕೈ ಮುಚ್ಚಿಟ್ಟುಕೊಳ್ಳದೆ, ಬೆರಳೆತ್ತಿ ತೋರಿಸಿದರು.

"ಅಲ್ಲಿಡು."

ಬೆರಳು ಈ ಕಂಬದಿಂದ ಆ ಕಂಬಕ್ಕೆ, ಆ ಕಂಬದಿಂದ ಈ ಕಂಬಕ್ಕೆ ಓಡಾಡುತ್ತಿತ್ತು.

"ಯಾವ ಕಂಬದ ಹತ್ತಿರ ಮಾವ?"

"ಎರಡೂ ಬ್ಯಾಡ. ನಡುವೆ."

ನಡುವೆ ಇಟ್ಟು ಕರೀ ಬಟ್ಟೆಯೊಳಗೆ ತಲೆ ತೂರಿಸಿದೆ. ಗುಡಿಯ ಕಂಬಗಳೆಲ್ಲ ಒಂದನ್ನೊಂದು ಮುಟ್ಟದೆ, ಒಂದೊಂದೂ ಬಿಡಿಬಿಡಿಯಾಗಿ, ಗಾಜಿನ ಮೇಲೆ ಜೋತುಬಿದ್ದಿದ್ದವು.

"ಸಿಕ್ತು ಮಾವಾ!" ಎಂದು ಒಳಗಿನಿಂದಲೇ ಕೂಗಿದೆ.

"ಕೂಗಬ್ಯಾಡಲೇ, ಬೆಳಕು ಹೋಗ್ತತಿ. ತಗಿ" ಎಂದರು ಮಾವ. ಆಮೇಲೆ ತಾವೇ, ಗುಡಿಗೆಲ್ಲ ಕೇಳುವಂತೆ, ಎಣಿಸತೊಡಗಿದರು.